ಗಾಡಿ ಹಿಂದೆ ಫೋನ್ ನಂಬರ್ ಬರೆಸಿದ್ಮೇಲೆ ಕಂಪ್ಲೇಂಟ್ ಬಂದೇ ಬರುತ್ತೆ, ಆಗ ಏನ್ ಮಾಡೋದು

ನಮ್ದು ಚಿಕ್ಕಮಗಳೂರಲ್ಲಿ ಏಳು ಎಲ್ಲೋ ಬೋರ್ಡ್ ಗಾಡಿ ಇದೆ, ಅಂದ್ರೆ ಬಾಡಿಗೆಗೆ ಓಡೋವು, ಮೂರು ಟಿಟಿ (ಟೆಂಪೋ ಟ್ರಾವೆಲರ್), ಎರಡು ಕಾರು, ಎರಡು ಪಿಕಪ್ಪು. ರಿಪೇರಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು), ಪರ್ಮಿಟ್ಟು ಎಲ್ಲಾ ನಮ್ಮನೆಯವ್ರು ನೋಡ್ಕೋತಾರೆ, ಫೋನು ಮಾತ್ರ ನಂದು. ನಾಲ್ಕು ವರ್ಷದ ಹಿಂದೆ ಎಲ್ಲಾ ಗಾಡಿ ಹಿಂದೆ "ಡ್ರೈವಿಂಗ್ ಸರಿ ಇಲ್ವಾ? ಹೇಳಿ" ಅಂತ ಬರೆಸಿ ಕೆಳಗೆ ನನ್ನ ನಂಬರ್ ಹಾಕಿಸ್ಬಿಟ್ರು, ನನ್ನ ಒಂದ್ ಮಾತು ಕೇಳ್ದೇನೇ. ಮೊದಲನೇ ವಾರ ಒಂದೂ ಫೋನ್ ಬರ್ಲಿಲ್ಲ, ನಮ್ ಡ್ರೈವರ್‌ಗಳು ಚಿನ್ನದಂಥೋರು ಅನ್ಕೊಂಡೆ. ಎರಡನೇ ವಾರ ಭಾನುವಾರ ಕೈಮರದ ಹತ್ರದಿಂದ ಯಾರೋ ಮಾಡಿದ್ರು, ನಾನು ಹಲೋ ಅನ್ನೋಕೆ ಮುಂಚೆನೇ ಬೈಗುಳ ಶುರು. ಆವತ್ತು ನಾನೂ ತಿರುಗಿಸಿ ಬೈದೆ, ಫೋನ್ ಕಟ್ ಆಯ್ತು, ಯಾವ ಗಾಡಿ, ಎಲ್ಲಿ, ಏನಾಯ್ತು ಒಂದೂ ಗೊತ್ತಾಗ್ಲಿಲ್ಲ. ಅಂದ್ರೆ ಬೈಸ್ಕೊಂಡಿದ್ದೂ ವೇಸ್ಟು, ಬೈದಿದ್ದೂ ವೇಸ್ಟು.

ಅದಾದ್ಮೇಲೆ ಕಲ್ತಿದ್ದನ್ನ ಬರೀತಿದೀನಿ. ಒಂದೋ ಎರಡೋ ಗಾಡಿ ಇಟ್ಕೊಂಡಿರೋರು, ಹೋಂಸ್ಟೇ ಜೀಪ್ ಓಡಿಸೋರು, ಸ್ಕೂಲ್ ವ್ಯಾನ್ ನಡೆಸೋರು, ಹಾಸನ ಕಡೆ ಟಿಪ್ಪರ್ ಇಟ್ಟಿರೋರು ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು.

ಮೊದಲನೇದು, ಫೋನ್ ಎತ್ತಿದ ತಕ್ಷಣ "ನಮ್ ಡ್ರೈವರ್ ಅಂಥೋನಲ್ಲ ಸಾರ್" ಅನ್ನೋ ಮಾತು ಬಾಯಿಗೆ ಬಂದ್ರೂ ನುಂಗ್ಕೊಳ್ಳಿ. ಆ ಕಡೆಯವ್ರಿಗೆ ಆಗಿನ್ನೂ ಕೈ ನಡುಗ್ತಾ ಇರುತ್ತೆ, ಹಿಂದೆ ಸೀಟಲ್ಲಿ ಮಗು ಕೂತಿರುತ್ತೆ, ಅವ್ರು ಬೈದೇ ಬೈತಾರೆ. ಅರ್ಧ ನಿಮಿಷ ಬಿಡಿ. ಆಮೇಲೆ "ಗಾಡಿ ಸೈಡಿಗೆ ಹಾಕಿದೀರಾ ಸಾರ್, ಇಲ್ಲಾಂದ್ರೆ ಮೊದ್ಲು ಹಾಕಿ ಆಮೇಲೆ ಹೇಳಿ, ನಾನು ಬರ್ಕೋತೀನಿ" ಅನ್ನಿ. ಈ ಬರ್ಕೋತೀನಿ ಅನ್ನೋ ಮಾತಿಗೆ ಎಷ್ಟೋ ಜನ ತಣ್ಣಗಾಗಿದ್ದು ನಾನೇ ನೋಡಿದೀನಿ, ಯಾಕೋ ಗೊತ್ತಿಲ್ಲ, ನಿಜವಾಗ್ಲೂ ಕೇಳ್ತಿದಾರೆ ಅನ್ಸುತ್ತೋ ಏನೋ.

ಕೇಳ್ಬೇಕಾಗಿರೋದು ಗಾಡಿ ನಂಬರ್ (ಕೊನೇ ನಾಲ್ಕಂಕಿ ಸಾಕು), ಜಾಗ, ಟೈಮು, ಯಾವ ಕಡೆಯಿಂದ ಯಾವ ಕಡೆ ಹೋಗ್ತಿತ್ತು, ಆಮೇಲೆ ಕಣ್ಣಾರೆ ಕಂಡಿದ್ದೇನು. ಎಷ್ಟು ಸ್ಪೀಡಲ್ಲಿ ಇದ್ದ ಅಂತ ಮಾತ್ರ ಕೇಳೋಕೆ ಹೋಗ್ಬೇಡಿ. ಕೇಳಿದ್ರೆ ಎಲ್ಲರೂ "100ರಲ್ಲಿ ಬಂದ" ಅಂತಾರೆ, ಮುಳ್ಳಯ್ಯನಗಿರಿ ರೋಡಲ್ಲಿ 100ರಲ್ಲಿ ಹೋಗೋಕೆ ಹೆಲಿಕಾಪ್ಟರ್‌ಗೂ ಆಗಲ್ಲ, ಅಲ್ಲಿಂದ ನಮ್ಗೆ ಇಡೀ ಕಂಪ್ಲೇಂಟೇ ಸುಳ್ಳು ಅನ್ಸೋಕೆ ಶುರುವಾಗುತ್ತೆ. ಅದರ ಬದಲು "ನೀವು ಟಾರ್ ಬಿಟ್ಟು ಮಣ್ಣಿಗೆ ಇಳಿಸ್ಬೇಕಾಯ್ತಾ", "ತಿರುವಲ್ಲಿ ಓವರ್‌ಟೇಕ್ ಮಾಡಿದ್ನಾ ನೇರ ರಸ್ತೇಲಾ", "ಕೈಯಲ್ಲಿ ಫೋನ್ ಇತ್ತಾ" ಅಂತ ಕೇಳಿ. ಕಂಡಿದ್ದನ್ನ ಜನ ಸರಿಯಾಗೇ ಹೇಳ್ತಾರೆ, ಲೆಕ್ಕ ಹಾಕಿದ್ದು ತಪ್ಪಾಗುತ್ತೆ ಅಷ್ಟೇ.

ಈಗಲೇ ಗಾಡಿ ಓಲಾಡ್ತಿದೆ, ಕುಡಿದಿರೋ ಹಂಗಿದೆ ಅಂತ ಯಾರಾದ್ರೂ ಹೇಳಿದ್ರೆ ನೋಟ್‌ಬುಕ್ ಪಕ್ಕಕ್ಕಿಡಿ. ಅವ್ರಿಗೆ 112 ಮಾಡೋಕೆ ಹೇಳಿ, ನೀವೂ ಮಾಡಿ, ನಿಮ್ ಗಾಡಿನೇ ಆದ್ರೂ ಮಾಡಿ. ಮರ್ಯಾದೆ ಹೋಗುತ್ತೆ ಅಂತ ಡ್ರೈವರ್‌ಗೆ ಮೇಲಿಂದ ಮೇಲೆ ಕಾಲ್ ಮಾಡ್ತಾ ಕೂತ್ರೆ ಅವ್ನು ತಿರುವಲ್ಲಿ ಫೋನ್ ಎತ್ತುತಾನೆ, ಇದ್ದಿದ್ದಕ್ಕಿಂತ ಕೆಟ್ಟದ್ದಾಗುತ್ತೆ. ನಮ್ಮಲ್ಲಿ ಒಂದು ಪದ್ಧತಿ ಇದೆ, ನಾನು ಎರಡು ರಿಂಗ್ ಕೊಟ್ಟು ಕಟ್ ಮಾಡ್ತೀನಿ, ಅವ್ರು ಅಗಲ ಜಾಗ ನೋಡಿ ಗಾಡಿ ನಿಲ್ಲಿಸಿ ವಾಪಸ್ ಮಾಡ್ತಾರೆ, ಹತ್ತು ನಿಮಿಷ ಲೇಟಾದ್ರೂ ಯಾಕೆ ಎತ್ತಲಿಲ್ಲ ಅಂತ ನಾನು ಕೇಳಲ್ಲ. ಟಿಟಿ ಆದ್ರೆ ಬುಕ್ ಮಾಡಿದ ಪ್ಯಾಸೆಂಜರ್ ನಂಬರ್ ಇರುತ್ತಲ್ಲ, ಅವ್ರಿಗೇ ಮಾಡಿ "ಸ್ವಲ್ಪ ಟೀಗೆ ನಿಲ್ಸಿ ಅಂತ ಹೇಳಿ" ಅಂದ್ರೆ ಕೆಲಸ ಆಗುತ್ತೆ.

ನೋಟ್‌ಬುಕ್ ವಿಷಯಕ್ಕೆ ಬರ್ತೀನಿ. ನಂದು ಮಗಳ ಹಳೇ 200 ಪೇಜಿನ ಲಾಂಗ್ ಬುಕ್ಕು, ಅರ್ಧ ಖಾಲಿ ಇತ್ತು. ಮೊಬೈಲಲ್ಲಿ ಬರೆದ್ರೂ ಆಗುತ್ತೆ, ಆದ್ರೆ ನಂಗೆ ಒಂದೇ ನೋಟಕ್ಕೆ ಎರಡು ತಿಂಗಳದ್ದು ಕಾಣ್ಬೇಕು. ಗೆರೆ ಹಾಕ್ಕೊಂಡು ದಿನ, ಟೈಮು, ಗಾಡಿ, ಡ್ರೈವರ್, ಜಾಗ, ಏನಾಯ್ತು, ಲೋಡ್ ಇತ್ತಾ ಖಾಲಿನಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟಿದ್ದು, ಇಷ್ಟನ್ನ ಬರೀತೀನಿ. ಕೊನೇ ಎರಡು ಮೊದಲು ಬರೀತಿರ್ಲಿಲ್ಲ, ಯಾಕೆ ಸೇರಿಸ್ದೆ ಅಂತ ಮುಂದೆ ಹೇಳ್ತೀನಿ.

ಬರೆದಾದ್ಮೇಲೆ ಗಾಡಿ ನಮ್ದೇನಾ ಅಂತ ನೋಡ್ಬೇಕು. ಹಾಸ್ಯ ಅನ್ಕೋಬೇಡಿ, ಊರಲ್ಲಿ ಬಿಳಿ ಟಿಟಿ ಎಷ್ಟಿದೆ, ಎಲ್ಲಾ ಒಂದೇ ಥರ, ಕೆಎ 18 ಅಂತ ಶುರುವಾಗಿ ಮಧ್ಯದ ಅಕ್ಷರ ಒಂದು ಬೇರೆ ಇದ್ರೂ ಬೇರೆ ಗಾಡಿ. ಟ್ರಿಪ್ ಶೀಟ್ ನೋಡಿ, ಆ ಟೈಮಿಗೆ ನಮ್ ಗಾಡಿ ಶೃಂಗೇರೀಲಿ ಇದ್ರೆ ಕೈಮರದ ಕಂಪ್ಲೇಂಟ್ ನಮ್ದಲ್ಲ. ಜಿಪಿಎಸ್ ಇದ್ರೆ ಇನ್ನೂ ಸುಲಭ. ಆದ್ರೆ ಜಿಪಿಎಸ್ ನೋಡಿ "45 ತೋರಿಸ್ತಿದೆ, ಓವರ್‌ಸ್ಪೀಡ್ ಇಲ್ಲ" ಅಂತ ಕೇಸ್ ಮುಗಿಸ್ಬೇಡಿ. ಅದು ಎಷ್ಟೋ ಸೆಕೆಂಡಿಗೆ ಒಂದ್ಸಲ ಚುಕ್ಕಿ ಇಡುತ್ತೆ, ಮಧ್ಯ ಏನಾಯ್ತು ಅದಕ್ಕೆ ಗೊತ್ತಿರಲ್ಲ, ಮತ್ತೆ ಕಡೂರ್ ರೋಡಲ್ಲಿ 45 ಅಂದ್ರೆ ನಿದ್ದೆ ಬರುತ್ತೆ, ಅದೇ 45 ಚಾರ್ಮಾಡಿ ಘಾಟಿ ತಿರುವಲ್ಲಿ ಮಂಜು ಮುಚ್ಚಿದಾಗ ಅಂದ್ರೆ ಸೀದಾ ಕೆಳಗೆ. ಡ್ಯಾಶ್‌ಕ್ಯಾಮ್ ಹಾಕಿಸಿದ್ರೆ ಅವತ್ತು ಸಾಯಂಕಾಲನೇ ಕಾರ್ಡ್ ತೆಗೆದು ಕಾಪಿ ಮಾಡ್ಕೊಳ್ಳಿ, ಅದು ಹಳೇದ್ರ ಮೇಲೇ ಹೊಸದು ಬರ್ಕೊಂಡು ಹೋಗುತ್ತೆ, ನಾಳೆ ನೋಡಣ ಅಂದ್ರೆ ನಾಳೆ ಇರಲ್ಲ.

ಇನ್ನು ಡ್ರೈವರ್ ಹತ್ರ ಮಾತಾಡೋದು. ಸ್ಟ್ಯಾಂಡಲ್ಲಿ ನಾಲ್ಕು ಜನದ ಮುಂದೆ ಕೇಳ್ಬೇಡಿ, ಗಂಡಸರಿಗೆ ಅಲ್ಲಿ ಸೋಲೋಕಾಗಲ್ಲ, ಇಲ್ಲದ ವಾದ ಹೂಡ್ತಾರೆ. ಗಾಡಿ ನಿಲ್ಸಿ, ಕೈಕಾಲು ತೊಳ್ಕೊಂಡು, ಕಾಫಿ ಕುಡಿದ್ಮೇಲೆ "ಇವತ್ತು ದಾರೀಲಿ ಏನಾದ್ರೂ ಆಯ್ತಾಣ್ಣ" ಅಂತ ಕೇಳ್ತೀನಿ, ಕಂಪ್ಲೇಂಟ್ ಬಂದಿದೆ ಅಂತ ಮೊದಲು ಹೇಳಲ್ಲ. ಹತ್ರಲ್ಲಿ ಐದು ಸಲ ಅವ್ರೇ ಹೇಳ್ತಾರೆ, "ಹೂಂ ಅಕ್ಕ, ಒಂದ್ ಕಾರ್ನೋನು ಅಡ್ಡ ಬಂದ" ಅಂತ. ಅವ್ರ ಮಾತನ್ನೂ ಅದೇ ಸಾಲಲ್ಲಿ ಬರ್ಕೊಳ್ಳಿ, ಅವ್ರು ನೋಡೋ ಹಂಗೇ ಬರ್ಕೊಳ್ಳಿ.

ಒಂದ್ ಮಾತು, ಕಂಪ್ಲೇಂಟ್ ಕೊಟ್ಟೋರ ನಂಬರು ಡ್ರೈವರ್‌ಗೆ ಕೊಡಲೇಬೇಡಿ. ಸಾರಿ ಕೇಳ್ತೀನಿ ಅಕ್ಕ ಕೊಡಿ ಅಂತಾರೆ. ನಾನು ಒಂದ್ಸಲ ನಂಬಿ ಕೊಟ್ಟೆ, ಅವ್ನು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಸಾರಿ ಬದ್ಲು ಇನ್ನೇನೇನೋ ಹೇಳಿದಾನೆ, ಬೆಳಿಗ್ಗೆ ಕಂಪ್ಲೇಂಟ್ ಕೊಟ್ಟಿದ್ದ ಆಯಮ್ಮನ ಅಣ್ಣ ತಮ್ಮ ಇಬ್ರೂ ನಮ್ಮನೆ ಗೇಟ್ ಮುಂದೆ. ಅವ್ರಿಗೆ ನಾನು ಕೈ ಮುಗಿದು ಕಳಿಸ್ದೆ, ತಪ್ಪು ನಂದೇ.

ಈಗ ನಿಜವಾದ ವಿಷಯ. ನಮ್ಮ ಒಂದು ಪಿಕಪ್ ಮೇಲೆ ಒಂದೇ ಸೀಸನ್ನಲ್ಲಿ ಐದು ಕಂಪ್ಲೇಂಟ್ ಬಂತು, ಎಲ್ಲಾ ಆಲ್ದೂರ್ ಕಡೆ ರಸ್ತೇದು. ಒಬ್ರು ತಿರುವಲ್ಲಿ ಓವರ್‌ಟೇಕ್ ಅಂದ್ರು, ಒಬ್ರು ಲೈಟ್ ಹೊಡೆದು ಹಾರ್ನ್ ಮಾಡ್ಕೊಂಡು ಹಿಂದೆ ಬಿದ್ದ ಅಂದ್ರು, ಇಬ್ರು ಬ್ರೇಕ್ ಸುಟ್ಟ ವಾಸನೆ ಅಂದ್ರು. ಡ್ರೈವರ್ ಇಪ್ಪತ್ತಾರು ವರ್ಷದ ಹುಡುಗ, ನಾವೂ "ಬಿಸಿ ರಕ್ತ, ಹೇಳೋಣ" ಅಂತ ಹೇಳಿದ್ವಿ, ಮೂರನೇ ಸಲ ಬೈದ್ವಿ, ನಾಲ್ಕನೇ ಸಲ ತೆಗೆದು ಬೇರೆ ಡ್ರೈವರ್ ಹಾಕಿದ್ವಿ, ಐವತ್ತು ವರ್ಷ ದಾಟಿದೋರು, ದೇವ್ರಂಥ ಮನುಷ್ಯ. ಎರಡು ವಾರಕ್ಕೆ ಐದನೇ ಕಂಪ್ಲೇಂಟ್ ಅವ್ರ ಮೇಲೂ ಬಂತು! ಅದನ್ನ ಬರೆಯೋವಾಗ ಮೇಲಿನ ನಾಲ್ಕು ಸಾಲಿನ ಟೈಮ್ ಕಣ್ಣಿಗೆ ಬಿತ್ತು, ಎಲ್ಲಾ ಮೂರೂ ಮುಕ್ಕಾಲರಿಂದ ಐದು ಗಂಟೆ ಒಳಗೆ. ನಮ್ಮನೆಯವ್ರನ್ನ ಕರೆದು ತೋರಿಸಿದ್ರೆ ಅವ್ರು ಒಂದ್ ನಿಮಿಷ ಸುಮ್ನೆ ನಿಂತ್ಕೊಂಡು "ಕ್ಯೂರಿಂಗ್ ಗೇಟು ಕಣೇ" ಅಂದ್ರು.

ಆಗಿದ್ದು ಇಷ್ಟೇ. ತೋಟದಲ್ಲಿ ಒಣಗಿಸಿದ ಕಾಫಿ ಮೂಟೆಗೆ ಹೊಲಿಗೆ ಹಾಕಿ ಲೋಡ್ ಮುಗಿಯೋದೇ ಮೂರೂವರೆ, ಇಲ್ಲಿ ಟೌನಲ್ಲಿ ಆ ಕಾಫಿನ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸ್ ಗೇಟು ಐದಕ್ಕೆ ಹಾಕ್ತಾರೆ, ಗೇಟ್ ಹಾಕಿದ್ರೆ ರಾತ್ರಿ ಎಲ್ಲಾ ಲೋಡ್ ಕಾಯ್ಕೊಂಡು ಗಾಡೀಲೇ ಮಲಗ್ಬೇಕು, ಮಾರನೇ ದಿನದ ಟ್ರಿಪ್ ಹೋಯ್ತು, ಟ್ರಿಪ್ ಲೆಕ್ಕದಲ್ಲಿ ಡ್ರೈವರ್‌ಗೆ ಕೊಡ್ತಿದ್ದ ಬಾಟಾನೂ (ಭತ್ಯೆ) ಹೋಯ್ತು. "ಐದರೊಳಗೆ ಇಳಿಸ್ಲೇಬೇಕು" ಅಂತ ದಿನಾ ಬೆಳಿಗ್ಗೆ ಹೇಳಿ ಕಳಿಸ್ತಿದ್ದೋರು ಯಾರು, ನಾವೇ. ಆ ಹುಡುಗನ್ನ ನಾವು ಬೈದಿದ್ದಕ್ಕೆ ನಂಗೆ ಇವತ್ತಿಗೂ ಮುಜುಗರ, ವಾಪಸ್ ಕರೆದ್ವಿ, ಬಂದ, ಆದ್ರೆ ಮೊದಲಿನಷ್ಟು ಮಾತಾಡಲ್ಲ. ಬುಕ್ಕಲ್ಲಿ ಲೋಡೂ ಹೊರಟ ಟೈಮೂ ಸೇರಿಸಿದ್ದು ಇದಕ್ಕೇ.

ಕಾನೂನಲ್ಲೂ ಇದು ಇದೆ ಅಂತ ನಂಗೆ ಆಮೇಲೆ ಒಬ್ರು ವಕೀಲರು ತೋರಿಸಿದ್ರು. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 183 ಅಂದ್ರೆ ಓವರ್‌ಸ್ಪೀಡ್ ಸೆಕ್ಷನ್. ಅದರಲ್ಲಿ ಓಡಿಸಿದೋನು ಮಾತ್ರ ಅಲ್ಲ, ತನ್ನ ಕೆಲಸದೋನ ಕೈಲಿ ಹಂಗೆ ಓಡಿಸಿದೋನೂ ಸಿಕ್ಕಿ ಹಾಕ್ಕೋತಾನೆ. ಸ್ಪೀಡ್ ಲಿಮಿಟ್ ಮೀರದೆ ಮುಟ್ಟೋಕೇ ಆಗದಂಥ ಟೈಮ್ ಕೊಟ್ಟು ಕಳಿಸಿದ್ರೆ, ಆ ಟೈಮ್ ಕೊಟ್ಟಿದ್ದೇ ಮೇಲ್ನೋಟಕ್ಕೆ ಸಾಕ್ಷಿ ಆಗುತ್ತಂತೆ. ನಾವು ವಾಟ್ಸಾಪ್ ಗ್ರೂಪಲ್ಲಿ "5 ಗಂಟೆ ಒಳಗೆ" ಅಂತ ದಿನಾ ಹಾಕ್ತಿದ್ದಿದ್ದು ನೆನೆಸ್ಕೊಂಡು ಬೆವರು ಬಂತು.

ಅದಕ್ಕೇ ಯಾವ ಕಂಪ್ಲೇಂಟ್ ಬಂದ್ರೂ ಡ್ರೈವರ್‌ಗೆ ಬೈಯೋ ಮುಂಚೆ ಆ ಟ್ರಿಪ್ಪಿನ ಟೈಮ್ ಒಂದ್ಸಲ ಲೆಕ್ಕ ಹಾಕಿ. ಗಾಡಿ ಎಷ್ಟಕ್ಕೆ ಹೊರಡ್ತು, ಎಷ್ಟಕ್ಕೆ ಮುಟ್ಟಬೇಕಿತ್ತು, ಮಧ್ಯ ಊಟಕ್ಕೆ ಟೈಮ್ ಇತ್ತಾ. ಟೂರಿಸ್ಟ್ ಗಾಡಿಗೂ ಇದೇ ಕಥೆ, ಬೆಂಗಳೂರಿನ ಪಾರ್ಟಿ ಒಂದೇ ದಿನಕ್ಕೆ ಮುಳ್ಳಯ್ಯನಗಿರಿ, ದತ್ತಪೀಠ, ಮಾಣಿಕ್ಯಧಾರಾ, ಸಾಯಂಕಾಲ ಬೇಲೂರು, ರಾತ್ರಿ ಹಾಸನದಲ್ಲಿ ಟ್ರೈನು ಅಂತ ಪ್ಲಾನ್ ಹಾಕ್ಕೊಂಡು ಬರ್ತಾರೆ, ನಾವು ಬುಕಿಂಗ್ ಬಿಡಬಾರದು ಅಂತ ಹೂಂ ಅಂತೀವಿ, ಓಡಿಸೋನು ಡ್ರೈವರ್ರು. ಈಗ ನಾನು ಬುಕಿಂಗ್ ಟೈಮಲ್ಲೇ ಎರಡು ಜಾಗ ಬಿಡಿಸ್ತೀನಿ. ಕೆಲವ್ರು ಬೇರೆ ಕಡೆ ಹೋಗ್ತಾರೆ, ಹೋಗ್ಲಿ. ಬಾಟಾನ ಟ್ರಿಪ್ ಲೆಕ್ಕ ಬಿಟ್ಟು ದಿನದ ಲೆಕ್ಕ ಮಾಡಿದ್ವಿ, ಪಿಕಪ್ ಲೋಡ್ ಮಧ್ಯಾಹ್ನ ಎರಡರೊಳಗೆ ಆಗಲಿಲ್ಲ ಅಂದ್ರೆ ಮಾರನೇ ದಿನ ಬೆಳಿಗ್ಗೆಗೇ ಅಂತ ತೋಟದೋರಿಗೂ ಹೇಳಿದೀವಿ. ಕೆಲಸದ ಹೊತ್ತಿಗೆ 2025ರವರೆಗೆ ಇದ್ದ 1961ರ ಸಾರಿಗೆ ಕಾರ್ಮಿಕರ ಕಾನೂನಿನ ಲೆಕ್ಕನೇ ಇಟ್ಕೊಂಡಿದೀವಿ, ದಿನಕ್ಕೆ 8 ಗಂಟೆ, ಒಂದೇ ಸಮ 5 ಗಂಟೆ ಮೇಲೆ ಓಡಿಸೋಹಂಗಿಲ್ಲ, ಅಷ್ಟೊತ್ತಿಗೆ ಅರ್ಧ ಗಂಟೆ ರೆಸ್ಟ್. ಲಾಂಗ್ ವೀಕೆಂಡಲ್ಲಿ ಇದನ್ನ ಪಾಲಿಸೋದು ಕಷ್ಟ, ಸುಳ್ಳು ಹೇಳಲ್ಲ, ಆದ್ರೆ ಬುಕ್ಕಲ್ಲಿ ಹೊರಟ ಟೈಮ್ ಬರೆಯೋದ್ರಿಂದ ಯಾವಾಗ ಮೀರ್ತಿದೀವಿ ಅಂತಾದ್ರೂ ಗೊತ್ತಾಗುತ್ತೆ.

ಹಂಗಂತ ಎಲ್ಲಾ ತಪ್ಪೂ ಓನರ್‌ದೇ ಅಲ್ಲ. ಕಂಪ್ಲೇಂಟ್ ಮಾತಿನಿಂದಲೇ ಯಾವ ಥರದ ತಪ್ಪು ಅಂತ ಕಂಡುಹಿಡೀಬಹುದು. ಬ್ರೇಕ್ ವಾಸನೆ ಅಂದ್ರೆ ಇಳಿಜಾರಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ತಿದಾನೆ, ಇಲ್ಲಾ ಮೇಲಿನ ಗೇರಲ್ಲಿ ಬಿಟ್ಟು ಬ್ರೇಕ್ ಮೇಲೇ ಕಾಲಿಟ್ಟಿದಾನೆ. ಹತ್ತಿದ ಗೇರಲ್ಲೇ ಇಳೀಬೇಕು ಅಂತ ಹಳೇ ಡ್ರೈವರ್‌ಗಳು ಹೇಳೋದು ಸುಮ್ನೆ ಅಲ್ಲ, ಇಂಜಿನ್ನೇ ಗಾಡೀನ ಹಿಡಿಯುತ್ತೆ. ಬರೀ ಬ್ರೇಕಲ್ಲಿ ಇಳಿಸಿದ್ರೆ ಲೈನಿಂಗ್ ಕಾದು ಕಾದು ಕೊನೆಗೆ ಪೆಡಲ್ ಒತ್ತಿದ್ರೂ ಹಿಡಿಯಲ್ಲ, ಇಂಜಿನ್ ಆಫ್ ಮಾಡಿ ಬಿಟ್ರಂತೂ ಪವರ್ ಸ್ಟೀರಿಂಗೂ ಕಲ್ಲಾಗುತ್ತೆ. ಇಂಥ ಕಂಪ್ಲೇಂಟ್ ಬಂದ್ರೆ ಬೈಯೋ ಮುಂಚೆ ಗಾಡೀನ ಮೆಕ್ಯಾನಿಕ್ ಹತ್ರ ಕಳಿಸಿ, ಕೆಲವು ಸಲ ಡ್ರೈವರ್ ತಪ್ಪೇ ಇರಲ್ಲ, ಬ್ರೇಕ್ ಜಾಮ್ ಆಗಿ ಹಿಡ್ಕೊಂಡಿರುತ್ತೆ.

"ಸೈಡ್ ಕೊಡ್ಲಿಲ್ಲ" ಅನ್ನೋದು ಸೀತಾಳಯ್ಯನಗಿರಿ ರೋಡಿನ ಮಾಮೂಲಿ. ಇಕ್ಕಟ್ಟು ರಸ್ತೇಲಿ ಹತ್ತೋ ಗಾಡಿಗೆ ದಾರಿ, ಇಳಿಯೋನು ನಿಲ್ಲಿಸ್ಬೇಕು, ನಿಯಮನೂ ಅದೇ. ನಮ್ಮ ಗಾಡಿ ಹತ್ತುತ್ತಿತ್ತಾ ಇಳೀತಿತ್ತಾ ಕೇಳಿದ್ರೆ ಅರ್ಧ ಕಂಪ್ಲೇಂಟ್ ಅಲ್ಲೇ ಇತ್ಯರ್ಥ ಆಗುತ್ತೆ, ಯಾಕಂದ್ರೆ ಬಯಲುಸೀಮೆಯಿಂದ ಬಂದ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಹಂಗಂತ ಫೋನಲ್ಲಿ ಪಾಠ ಮಾಡ್ಬೇಡಿ.

ಪಿಕಪ್ ಹಿಂದೆ ಜನ ತುಂಬಿದ್ರು ಅಂತ ಕಂಪ್ಲೇಂಟ್ ಬಂದ್ರೆ ಅದಕ್ಕೆ ಎರಡನೇ ಮಾತೇ ಇಲ್ಲ. ಕಾಫಿ ಕುಯ್ಲಿನ ಟೈಮಲ್ಲಿ ತೋಟದೋರೇ ಒತ್ತಾಯ ಮಾಡ್ತಾರೆ, "ಹತ್ತು ಜನ ಅಷ್ಟೇ, ಇಲ್ಲೇ ಗೇಟ್ ತನಕ" ಅಂತ. ಗೂಡ್ಸ್ ಗಾಡೀಲಿ ಜನ ಹಾಕಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕೈ ಕೊಡುತ್ತೆ, ಮನೆ ಮಠ ಮಾರ್ಬೇಕಾಗುತ್ತೆ. ಡ್ರೈವರ್‌ಗೆ ಇಲ್ಲ ಅನ್ನೋಕೆ ಧೈರ್ಯ ಇರಲ್ಲ, ಆ ಫೋನ್ ನಾವೇ ಮಾಡ್ಬೇಕು.

ಕ್ರಮ ಏನು ತಗೋಬೇಕು ಅನ್ನೋದಕ್ಕೆ ನಮ್ಮಲ್ಲಿ ದೊಡ್ಡ ಪಟ್ಟಿ ಇಲ್ಲ. ಮೊದಲನೇ ಸಲ ಮಾತು. ಅದೇ ತಪ್ಪು ಎರಡನೇ ಸಲ ಬಂದ್ರೆ ನಮ್ಮ ಹಿರಿ ಡ್ರೈವರ್ ಒಂದಿನ ಪಕ್ಕದಲ್ಲಿ ಕೂತು ಹೋಗ್ತಾರೆ, ಅವ್ರು ಬಂದು ಹೇಳೋ ಮಾತೇ ಫೈನಲ್, ಹತ್ತು ನೋಟಿಸ್‌ಗಿಂತ ಇದು ಕೆಲಸ ಮಾಡುತ್ತೆ. ಮೂರನೇ ಸಲ ಬರವಣಿಗೇಲಿ ವಾರ್ನಿಂಗ್, ಅವ್ರ ಉತ್ತರನೂ ಬರವಣಿಗೇಲಿ. ಸಂಬಳದಲ್ಲಿ ಹಿಡಿಯೋದು ಮಾಡಲ್ಲ, ಹಿಡಿದ ದುಡ್ಡನ್ನ ಅವ್ರು ಇನ್ನೊಂದು ಟ್ರಿಪ್ ಜಾಸ್ತಿ ಹೊಡೆದು ತುಂಬಿಸ್ಕೋತಾರೆ, ರೋಗಕ್ಕೆ ರೋಗನೇ ಔಷಧಿ ಕೊಟ್ಟಂಗೆ. ಕುಡಿದು ಓಡಿಸಿದ್ದು ಖಾತ್ರಿ ಆದ್ರೆ ಅವತ್ತೇ ಕೀ ವಾಪಸ್. ಗಾಡಿಗೆ ತಗುಲಿಸಿ ಮುಚ್ಚಿಟ್ರೂ ಅಷ್ಟೇ.

ಹೊಸ ಡ್ರೈವರ್ ಸೇರೋವಾಗ್ಲೇ ಕಾನೂನಿನ ಲೆಕ್ಕನೂ ಹೇಳ್ತೀನಿ, ಹೆದರಿಸೋಕಲ್ಲ. ಅಪಾಯಕಾರಿ ಡ್ರೈವಿಂಗ್ ಸೆಕ್ಷನ್ 184ರಲ್ಲಿ 2019ರ ತಿದ್ದುಪಡಿ ಆದ್ಮೇಲೆ ಮೊದಲನೇ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು ಅಥ್ವಾ 1,000ದಿಂದ 5,000 ದಂಡ ಅಥ್ವಾ ಎರಡೂ, 3 ವರ್ಷದೊಳಗೆ ಮತ್ತೆ ಸಿಕ್ಕಿದ್ರೆ 2 ವರ್ಷದವರೆಗೆ ಜೈಲು, ಇಲ್ಲಾ 10,000 ದಂಡ, ಇಲ್ಲಾ ಎರಡೂ. ಕೈಯಲ್ಲಿ ಫೋನ್ ಹಿಡ್ಕೊಂಡು ಓಡಿಸೋದು, ರಾಂಗ್ ಸೈಡು, ಸಿಗ್ನಲ್ ಜಂಪು, ನಿಯಮ ಮೀರಿದ ಓವರ್‌ಟೇಕು ಎಲ್ಲಾ ಇದರಲ್ಲೇ ಬರುತ್ತೆ. ಪೊಲೀಸ್ ಕೇಸ್ ಆದ್ರೆ ಭಾರತೀಯ ನ್ಯಾಯ ಸಂಹಿತೆ 281 ಬೇರೆ. ಪೊಲೀಸ್‌ನೋರು ಆ ಹೊತ್ತಲ್ಲಿ ಯಾರು ಓಡಿಸ್ತಿದ್ರು ಅಂತ ಕೇಳಿದ್ರೆ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡೋದು ಓನರ್ ಜವಾಬ್ದಾರಿ, ಸೆಕ್ಷನ್ 133. ಅದಕ್ಕೇ ಟ್ರಿಪ್ ಶೀಟಲ್ಲಿ ಡ್ರೈವರ್ ಹೆಸರು ಖಾಲಿ ಬಿಡ್ಬೇಡಿ, "ಬದಲಿ ಡ್ರೈವರ್" ಅಂತ ಬರೆದಿಟ್ರೆ ಆರು ತಿಂಗಳಾದ್ಮೇಲೆ ಯಾರಿಗೆ ನೆನಪಿರುತ್ತೆ. ಯಾರಿಗಾದ್ರೂ ಪೆಟ್ಟಾಗಿದ್ರೆ ಅದು ನೋಟ್‌ಬುಕ್ಕಿನ ಕಂಪ್ಲೇಂಟೇ ಅಲ್ಲ, ಮೊದ್ಲು 108, ಆಮೇಲೆ ಸ್ಟೇಷನ್, ಇನ್ಶೂರೆನ್ಸು. ದುಡ್ಡು ಕೊಟ್ಟು ಬಾಯಿ ಮುಚ್ಚಿಸೋಣ ಅಂತ ಬರೋ ಮಧ್ಯವರ್ತಿಗಳನ್ನ ಮನೆ ಮೆಟ್ಟಿಲು ಹತ್ತಿಸ್ಬೇಡಿ.

ಸುಳ್ಳು ಕಂಪ್ಲೇಂಟೂ ಬರುತ್ತೆ. ಬಾಡಿಗೆ ಜಗಳ ಆದೋರು ಮಾಡ್ತಾರೆ, ಪಕ್ಕದ ಸ್ಟ್ಯಾಂಡಿನೋರು ಮಾಡಿಸ್ತಾರೆ. ಜಾಗ, ಟೈಮ್ ಕೇಳಿದ ತಕ್ಷಣ ಮಾತು ಜಾರಿಸಿದ್ರೆ ಅನುಮಾನ ಪಡಿ, ಆದ್ರೂ ಒಂದ್ ಸಾಲು ಬರೆದಿಡಿ. ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ರೆ ಕೆಳಗೆ ಕಮೆಂಟಲ್ಲಿ ಜಗಳಕ್ಕೆ ನಿಲ್ಬೇಡಿ. ನಮ್ಮ ಹುಡುಗ್ರು ಒಂದ್ಸಲ ನಿಂತ್ರು, ಇನ್ನೂರು ಜನ ನೋಡಿದ್ದ ವಿಡಿಯೋನ ಇಡೀ ಜಿಲ್ಲೆ ನೋಡ್ತು.

ಎರಡು ದಿನದೊಳಗೆ ಕಂಪ್ಲೇಂಟ್ ಕೊಟ್ಟೋರಿಗೆ ವಾಪಸ್ ಫೋನ್ ಮಾಡಿ. ಹೆಚ್ಚಿನ ಓನರ್‌ಗಳು ಬಿಡೋದೇ ಇಲ್ಲಿ. "ಗಾಡಿ ನಮ್ದೇ, ಡ್ರೈವರ್ ಹತ್ರ ಮಾತಾಡಿದೀವಿ, ಇಂಥದ್ದು ಮಾಡಿದೀವಿ" ಅಂತ ಆಗಿದ್ದನ್ನ ಮಾತ್ರ ಹೇಳಿ, ಕೆಲಸದಿಂದ ತೆಗೆದ್ಬಿಟ್ವಿ ಅಂತ ಖುಷಿಪಡಿಸೋಕೆ ಸುಳ್ಳು ಹೇಳ್ಬೇಡಿ, ನಾಳೆ ಅದೇ ಡ್ರೈವರ್ ಹನುಮಂತಪ್ಪ ಸರ್ಕಲ್ಲಲ್ಲಿ ಎದುರು ಸಿಗ್ತಾನೆ. ಒಂದ್ಸಲ ಹಿಂಗೆ ವಾಪಸ್ ಮಾಡಿದಾಗ ಕಳಸದ ಒಬ್ರು ಮೇಷ್ಟ್ರು ಆಶ್ಚರ್ಯದಿಂದ "ನಿಜವಾಗ್ಲೂ ಮಾಡಿದ್ರಲ್ಲಮ್ಮ" ಅಂದ್ರು, ಹೊರನಾಡಿಗೆ ಮಗಳ ಮದುವೆ ಗಾಡಿ ನಮ್ದೇ ಬುಕ್ ಮಾಡಿದ್ರು.

ಇನ್ನು ಕಂಪ್ಲೇಂಟ್ ಕೊಡೋ ಕಡೆ ಇರೋರಿಗೆ ಒಂದೆರಡು ಮಾತು. ಅಟ್ಟಿಸ್ಕೊಂಡು ಹೋಗಿ ಬೈಕಲ್ಲಿ ಒಂದ್ ಕೈಲಿ ವಿಡಿಯೋ ಮಾಡ್ಬೇಡಿ, ಅಲ್ಲೇ ನಿಲ್ಲಿಸಿ ನಂಬರ್ ಬರ್ಕೊಳ್ಳಿ. ಸರ್ಕಾರಿ ಬಸ್ ಆದ್ರೆ ನಂಬರ್ ಜೊತೆ ಡಿಪೋ ಹೆಸರು ನೋಡ್ಕೊಂಡು ಡಿಪೋ ಮ್ಯಾನೇಜರ್‌ಗೆ ಬರೆದು ಕೊಡಿ, ಸ್ಕೂಲ್ ವ್ಯಾನ್ ಆದ್ರೆ ಹೆಡ್‌ಮಾಸ್ಟರ್‌ಗೂ ಒಂದು ಕಾಪಿ, ಬೇರೆ ಎಲ್ಲೋ ಬೋರ್ಡಿಗೆ ಆರ್‌ಟಿಓ ಆಫೀಸು ಇಲ್ಲಾ ಹತ್ರದ ಸ್ಟೇಷನ್ನು. ಈಗಲೇ ಅಪಾಯ ಅಂದ್ರೆ 112.

ಕೊನೇದಾಗಿ ಒಂದು ಚಿಕ್ಕ ವಿಷಯ. ಹೋದ ವರ್ಷ ಜುಲೈ, ಆಗಸ್ಟಲ್ಲಿ ನಂಗೆ ಒಂದೂ ಕಂಪ್ಲೇಂಟ್ ಬರ್ಲಿಲ್ಲ, ಅಬ್ಬಾ ಎಲ್ಲಾ ಸರಿ ಹೋಯ್ತು ಅಂತ ಊರೆಲ್ಲಾ ಹೇಳ್ಕೊಂಡು ಬಂದೆ. ಸೆಪ್ಟೆಂಬರಲ್ಲಿ ಒಂದಿನ ಟಿಟಿ ಹಿಂದೆ ಹೋಗಿ ನೋಡಿದ್ರೆ ಮಳೆ ಕೆಸರು ಮೆತ್ಕೊಂಡು ನನ್ನ ನಂಬರೂ ಕಾಣ್ತಿಲ್ಲ, ಗಾಡಿ ನಂಬರೂ ಕಾಣ್ತಿಲ್ಲ. ಈಗ ಬೆಳಿಗ್ಗೆ ಗಾಡಿ ಹೊರಡೋ ಮುಂಚೆ ಹಿಂದೆ ಒಂದ್ಸಲ ಒದ್ದೆ ಬಟ್ಟೇಲಿ ಒರೆಸಿಯೇ ಹೋಗ್ಬೇಕು ಅಂತ ಮಾಡಿದೀವಿ, ಬಟ್ಟೆ ಗೇಟಿನ ಪಕ್ಕ ಮೊಳೆಗೆ ನೇತಾಕಿದೆ.